ಎರಡು ಕೈ ಸವೆಸಿದ ಟ್ರಾಂಬೋನ್

ಅಷ್ಟು ಕಡಿಮೆ ಬೆಲೆಗೆ ಯಾರೂ ಟ್ರಾಂಬೋನ್ ಮಾರುವುದಿಲ್ಲ. ಮಗಳು ಪ್ರಣಾಲಿ ಫೋನಿನಲ್ಲಿ ಜಾಹೀರಾತು ತೋರಿಸಿದಾಗ ಧಮ್ಮಪಾಲನ ತಲೆಗೆ ಮೊದಲು ಬಂದದ್ದು ಇದೇ ಮಾತು. ‘ಹಳೇ ಬ್ಯಾಂಡ್ ವಾದ್ಯ, ಮನೆಯಲ್ಲಿದ್ದದ್ದು, ಬೇಗ ಕೊಡುವುದಿದೆ’ ಎಂದು ಬರೆದು ಭಾಲ್ಕಿಯ ಪರಾಗ ಎನ್ನುವವನು ಮೂರು ಫೋಟೊ ಹಾಕಿದ್ದ. ಗುಜರಿಯವನು ಹಿತ್ತಾಳೆ ತೂಗಿ ಕೊಡುವುದಕ್ಕಿಂತ ಸ್ವಲ್ಪವೇ ಹೆಚ್ಚು ಕೇಳಿದ್ದ.

“ಕಳವಿನ ಮಾಲು ಇರಬೇಕು,” ಅಂದ ಧಮ್ಮಪಾಲ.

“ಎಲ್ಲಾದ್ರಾಗೂ ನಿನಗ ಕಳವೇ ಕಾಣ್ತದ ಅಪ್ಪಾ. ಹೋಗಿ ನೋಡಿ ಬಾ. ನೋಡಿದ್ರ ಏನು ಹೋಗ್ತದ?”

ಧಮ್ಮಪಾಲ ಮೂವತ್ತೆರಡು ವರ್ಷ ಪೊಲೀಸ್ ಬ್ಯಾಂಡಿನಲ್ಲಿ ಟ್ರಾಂಬೋನ್ ಊದಿ, ನಿವೃತ್ತನಾಗಿ ಬೀದರಿಗೆ ಬಂದವನು. ಪೊಲೀಸರ ನಡುವೆ ಅಷ್ಟು ವರ್ಷ ಕಳೆದದ್ದರಿಂದ ಬಂದ ಸಂಶಯವೋ, ಹುಟ್ಟಿನಿಂದಲೇ ಇದ್ದದ್ದೋ, ತರಕಾರಿ ಕೊಳ್ಳುವಾಗಲೂ ತಕ್ಕಡಿಯ ಕೆಳಗೆ ಕೈ ಹಾಕಿ ನೋಡುವ ಮನುಷ್ಯ. ಪ್ರಣಾಲಿ ಎರಡು ವರ್ಷದ ಹಿಂದೆ ಹನ್ನೊಂದು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಒಂದು ಬ್ರಾಸ್ ಬ್ಯಾಂಡ್ ಮಾಡಿದ್ದಳು. ಅವರ ಬಳಿ ಇದ್ದ ಒಂದೇ ಟ್ರಾಂಬೋನ್ ಈಗಿನ ಕಾಲದ್ದು, ಅಗಲ ಕೊಳವೆಯದು. ಮೆರವಣಿಗೆಯಲ್ಲಿ ಎರಡು ತಾಸು ಊದಿದರೆ ಎದೆ ಬರಿದಾಗುತ್ತಿತ್ತು. ಫೋಟೊದಲ್ಲಿದ್ದದ್ದು ಸಣ್ಣ ಕೊಳವೆಯದು. ಅಂಥದನ್ನು ಧಮ್ಮಪಾಲ ತನ್ನ ಮೊದಲ ದಿನಗಳಲ್ಲಿ ಊದಿದ್ದ, ಆಮೇಲೆ ಎಲ್ಲೂ ಕಂಡಿರಲಿಲ್ಲ. ಹಳೆಯ ಟ್ರಂಕಿನಿಂದ ತುಟಿಗಿಟ್ಟು ಊದುವ ಸಣ್ಣ ಬುಡದ ಮೌತ್‌ಪೀಸ್ ಹುಡುಕಿ ತೆಗೆದು ಜೇಬಿಗೆ ಹಾಕಿಕೊಂಡು ಭಾಲ್ಕಿ ಬಸ್ ಹತ್ತಿದ.

ಮನೆ ಹಳೆ ಪೇಟೆಯಲ್ಲಿತ್ತು. ಪರಾಗ ಇಪ್ಪತ್ತೇಳರ ಆಸುಪಾಸಿನವನು, ಊರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ. ಅವನ ಅಜ್ಜಿ ಸರಸ್ವತಿಬಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತರು, ಹೊರಗೆ ಬರಲಿಲ್ಲ. ಗೋಡೆಯ ಮೇಲೆ ಹಾರ ಹಾಕಿದ ಫೋಟೊ ಒಂದಿತ್ತು. ಕನ್ನಡಕದ, ತೆಳ್ಳಗಿನ ಮನುಷ್ಯ. ಪರಾಗನ ಅಜ್ಜ, ಭಾಲಚಂದ್ರ ಮಾಸ್ತರರು. ತೀರಿಹೋಗಿ ಎರಡು ವರ್ಷವಾಗಿತ್ತು.

ಟ್ರಾಂಬೋನ್ ಒಂದು ಸಿಮೆಂಟ್ ಚೀಲದಲ್ಲಿತ್ತು.

“ಇದು ನಿಮ್ಮ ಮನಿಗೆ ಹ್ಯಾಂಗ ಬಂತ್ರಿ?” ಧಮ್ಮಪಾಲ ಕೇಳಿದ.

“ಅಜ್ಜಾರು ಹೈದರಾಬಾದದಾಗ ತಗೊಂಡಿದ್ರು.”

“ಹೈದರಾಬಾದ ಅಲ್ಲ, ಸೋಲಾಪುರ,” ಬಾಗಿಲಿನಿಂದ ದನಿ ಬಂತು.

“ಹಾಂ, ಸೋಲಾಪುರ,” ಅಂದ ಪರಾಗ.

“ಮಾಸ್ತರರು ಊದ್ತಿದ್ರೇನ್ರಿ?”

“ಇಲ್ರಿ,” ಇಬ್ಬರೂ ಒಟ್ಟಿಗೆ ಅಂದರು.

ಧಮ್ಮಪಾಲ ಮತ್ತೇನೂ ಕೇಳದೆ ಕೆಲಸಕ್ಕೆ ಕೂತ. ಎಳೆದು ತಳ್ಳುವ ಕೊಳವೆಯಾದ ಸ್ಲೈಡಿನ ತುದಿಗೆ ಹೆಬ್ಬೆರಳು ಗಟ್ಟಿಯಾಗಿ ಒತ್ತಿ ಮೇಲಕ್ಕೆತ್ತಿದ. ಹೊರಗಿನ ಕೊಳವೆ ಜಾರಲಿಲ್ಲ, ಗಾಳಿ ಹಿಡಿದುಕೊಂಡು ನಿಂತಿತು. ಬೆರಳು ಬಿಟ್ಟೊಡನೆ ಸರ್ರನೆ ಇಳಿಯಿತು. ಎಂಬತ್ತೋ ತೊಂಬತ್ತೋ ವರ್ಷದ ಕೊಳವೆ ಹೀಗೆ ಗಾಳಿ ಹಿಡಿಯಬೇಕಾದರೆ ಯಾರೋ ಅದನ್ನು ಮಗುವಿನಂತೆ ಸಾಕಿರಬೇಕು. ಊದದವರ ಮನೆಯ ವಾದ್ಯ ಹೀಗಿರುವುದಿಲ್ಲ. ಅಗಲ ಬಾಯಿಯಾದ ಬೆಲ್ಲಿನ ಮೇಲೆ ಕೆತ್ತಿದ್ದ ಹೆಸರು ಮಾಸಿ ಒಂದೆರಡು ಗೆರೆಗಳಷ್ಟೇ ಉಳಿದಿದ್ದವು. ಗುರುತು ಸಿಗಬಾರದೆಂದು ಯಾರೋ ಉಜ್ಜಿದ್ದಾರೆ ಅಂದುಕೊಂಡ.

“ಒಂದ್ನಾಲ್ಕು ದಿನ ಬೀದರಕ್ಕ ಒಯ್ದು ಊದಿ ನೋಡ್ತೇನ್ರಿ. ಬ್ಯಾಡಾದ್ರ ತಂದು ಕೊಡ್ತೇನಿ.”

“ತಂದು ಕೊಡೂದೇನೂ ಬ್ಯಾಡ,” ಸರಸ್ವತಿಬಾಯಿ ಅಂದರು. “ಬ್ಯಾಡಾದ್ರ ಎಲ್ಲ್ಯಾದ್ರೂ ಒಗೀರಿ. ಈ ಮನಿಗೆ ಮಾತ್ರ ತರಬ್ಯಾಡ್ರಿ.”

ಬಸ್ಸಿನಲ್ಲಿ ಚೀಲವನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಕೂತವನಿಗೆ, ಯಾರಾದರೂ ಇದು ಯಾರದು ಅಂತ ಕೇಳಿದರೆ ಏನು ಹೇಳುವುದು ಎನ್ನುವ ಚಿಂತೆ ಬೀದರ ಬರುವ ತನಕ ಬಿಡಲಿಲ್ಲ.

ಮನೆಯಲ್ಲಿ ಬಿಸಿನೀರು ಹಾಕಿ ಒಳಗೆಲ್ಲ ತೊಳೆದು, ಸ್ಲೈಡಿಗೆ ಎಣ್ಣೆ ಸವರಿ ಮೊದಲ ಸ್ವರ ಹಿಡಿದ. ಊದುವ ಮೊದಲೇ ಸ್ವರ ಬಂದ ಹಾಗಿತ್ತು. ತುಟಿ ಅದುರಿದರೆ ಸಾಕು, ದನಿ ಮುಂದೆ ನಿಂತಿರುತ್ತಿತ್ತು. ದೊಡ್ಡ ಟ್ರಾಂಬೋನಿನ ದುಂಡು ದನಿಯಲ್ಲ ಅದು. ತೆಳ್ಳಗೆ, ಉರಿಯಂತೆ, ಅಂಚು ಚೂಪಾದ ದನಿ. ಮೆಲ್ಲಗೆ ಊದಿದರೆ ಹಾಡುತ್ತಿತ್ತು, ಜೋರಾಗಿ ದೂಡಿದರೆ ಥಟ್ಟನೆ ಒಡೆಯುತ್ತಿತ್ತು. ದೂಡಬಾರದು ಇದನ್ನು, ಬಿಡಬೇಕು. ಅರ್ಧ ತಾಸಿನಲ್ಲಿ ಅವನ ಉಸಿರು ಅದರ ಅಳತೆಗೆ ಹೊಂದಿಕೊಂಡಿತು. ಪ್ರಣಾಲಿ ಕಸಿದುಕೊಂಡು ತಾನೂ ಊದಿದಳು.

“ಅಪ್ಪಾ, ಇದು ಮನಸ್ಸಿನಾಗ ಅಂದ್ಕೊಂಡ್ರ ಸಾಕು, ಬರ್ಲತ್ತದ! ಇದನ್ನ ಬಿಡಬ್ಯಾಡ.”

“ತಡಿ. ಇಲ್ಲಿ ನೋಡು.”

ಹಿಂದಿನ ಬಾಗಿದ ಕೊಳವೆಯನ್ನು ಎರಡೂ ಬದಿ ಕತ್ತರಿಸಿ, ಎರಡೆರಡು ಬೆರಳಿನ ಅಗಲದ ಬೇರೆ ಹಿತ್ತಾಳೆ ಸೇರಿಸಿ ಬೆಸೆದಿದ್ದರು. ಬಣ್ಣವೇ ಬೇರೆ ಇತ್ತು. ಎರಡು ವಾದ್ಯ ಒಡೆದು ಒಂದು ಮಾಡಿರಬಹುದು. ಅದಕ್ಕಿಂತ ವಿಚಿತ್ರವಾದದ್ದು ಹಿಡಿಕೆ. ಬಲಗೈಯಿಂದ ಸ್ಲೈಡ್ ಎಳೆಯುವವನು ಎಡಗೈಯಲ್ಲಿ ವಾದ್ಯ ಹಿಡಿಯುತ್ತಾನೆ, ಅವನ ಹೆಬ್ಬೆರಳು ಕೂರುವ ಜಾಗ ಸವೆಯುತ್ತದೆ. ಅದು ಸವೆದಿತ್ತು. ಆದರೆ ಅದರ ಎದುರು ಬದಿಯೂ ಹೆಚ್ಚುಕಡಿಮೆ ಅಷ್ಟೇ ಸವೆದು ಹೊಳೆಯುತ್ತಿತ್ತು.

“ಒಬ್ಬ ಬಲಗೈಯಾಂವ, ಒಬ್ಬ ಎಡಗೈಯಾಂವ. ಇಬ್ರು ಊದ್ಯಾರ ಇದನ್ನ, ವರ್ಷಗಟ್ಟಲೆ,” ಅಂದ ಧಮ್ಮಪಾಲ. “ಅವರು ನೋಡಿದ್ರ ಯಾರೂ ಊದಿಲ್ಲ ಅಂತಾರ.”

ಮರುದಿನ ಅದನ್ನು ಚೌಬಾರಾ ಗೋಪುರದ ಹತ್ತಿರದ ಓಣಿಗೆ ಒಯ್ದ. ಅಲ್ಲಿ ಅಬ್ದುಲ ಖಾದರ ಐವತ್ತು ವರ್ಷದಿಂದ ಪಾತ್ರೆಗಳಿಗೆ ಕಲಾಯಿ ಹಾಕುತ್ತ, ಸುತ್ತಲಿನ ಬ್ಯಾಂಡಿನವರ ವಾದ್ಯ ರಿಪೇರಿ ಮಾಡುತ್ತ ಬಂದಿದ್ದರು. ಈಗ ಕಣ್ಣು ಮಂಜು. ಕೊಳವೆಯ ಮೇಲೆ ಬೆರಳಾಡಿಸಿದವರು ಬೆಸುಗೆಯ ಹತ್ತಿರ ನಿಂತರು.

“ಇದು ನನ್ನ ಕೈ ಕೆಲಸ ಅದ.”

“ಯಾಕ ಕತ್ತರಿಸಿದ್ರಿ ಚಾಚಾ?”

“ಫೌಜಿನ ಹಳೇ ಬಾಜಾ. ಆಗಿನ ಸುರ ಈಗಿಂದಕ್ಕಿಂತ ಏರು ಇರ್ತಿತ್ತು. ತಂದವರ ಬ್ಯಾಂಡಿನ ಕ್ಲಾರ್ನೆಟ್ ಜೋಡಿ ಕೂಡಲಿಲ್ಲ. ಕೊಳವಿ ಉದ್ದ ಮಾಡಿ ಸುರ ಇಳಿಸಿ ಕೊಟ್ಟೆ.”

“ಹೆಸರು ಯಾರೋ ಅರ ಹಾಕಿ ಉಜ್ಜ್ಯಾರಲ್ಲ?”

ಖಾದರ ಬೆಲ್ಲಿನ ಮೇಲೆ ಹೆಬ್ಬೆರಳು ಎಳೆದು ನಕ್ಕರು. “ಅರ ಎಲ್ಲಿ ಅದ ಇಲ್ಲಿ? ಹುಣಸಿಹಣ್ಣು, ಬೂದಿ. ಇಪ್ಪತ್ತು ಮೂವತ್ತು ವರ್ಷ ಪ್ರೀತಿಲೆ ತಿಕ್ಕಿದ್ರ ಹೆಸರು ಹ್ಯಾಂಗ ಉಳೀತದ?”

ಧಮ್ಮಪಾಲನಿಗೆ ಸ್ವಲ್ಪ ನಾಚಿಕೆಯಾಯಿತು, ಪೂರ್ತಿ ಆಗಲಿಲ್ಲ. “ಯಾರು ತಂದಿದ್ರು?”

“ಔರಾದ ಕಡೆ ಎಕಂಬಾದ ಪಂಢರಿ. ಬ್ಯಾಂಡ್ ಮಾಸ್ತರ. ಜೋಡಿ ಇನ್ನೊಬ್ಬಾಂವ ಬರ್ತಿದ್ದ. ಕನ್ನಡಕ ಇತ್ತು. ಮಾರಿಗೆ ಟವೆಲ್ ಸುತ್ಕೊಂಡು ರಸ್ತಾಕ್ಕ ಬೆನ್ನು ಮಾಡಿ ಕೂಡ್ತಿದ್ದ. ಚಹಾ ತರಿಸಿದ್ರೂ ಟವೆಲ್ ತೆಗೀತಿರಲಿಲ್ಲ. ನನಗೂ ಸಂಶಯ ಇತ್ತು, ಏನೋ ಭಾನಗಡಿ ಮನುಷ್ಯಾ ಅಂತ.”

ಅಂಗಡಿಯಿಂದ ಹೊರಬಂದು ಧಮ್ಮಪಾಲ ಪರಾಗನಿಗೆ ಫೋನ್ ಮಾಡಿದ. “ಮಾಸ್ತರರು ಎಡಚರಿದ್ರೇನ್ರಿ?”

“ಹೌದ್ರಿ. ಹಲಗಿ ಮ್ಯಾಲ ಎಡಗೈಲೇ ಬರೀತಿದ್ರು. ಯಾಕ್ರಿ?”

ಧಮ್ಮಪಾಲ ಫೋನ್ ಇಟ್ಟ. ಅವನ ಮನಸ್ಸಿನಲ್ಲಿ ಕಥೆ ಪೂರ್ತಿಯಾಗಿತ್ತು. ಎಕಂಬಾದ ಬಡ ಬ್ಯಾಂಡಿನವನ ವಾದ್ಯ, ಭಾಲ್ಕಿಯ ದೊಡ್ಡ ಮನೆಯ ಮಾಸ್ತರ. ಇಂಥ ವಸ್ತು ಆ ಓಣಿಯಿಂದ ಈ ಪೇಟೆಗೆ ಹೇಗೆ ಬರುತ್ತದೆ ಎನ್ನುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವನ ಅಪ್ಪನೂ ಬ್ಯಾಂಡಿನವನೇ. ಮದುವೆ ಮನೆಗಳಲ್ಲಿ ಅವರಿಗೆ ನೀರನ್ನು ಮೇಲಿನಿಂದ ಸುರಿಯುತ್ತಿದ್ದದ್ದನ್ನು ನೋಡುತ್ತ ಬೆಳೆದವನು. ಮಾಸ್ತರ ಕಸಿದುಕೊಂಡಿದ್ದಾನೆ, ಮನೆಯವರಿಗೆ ಗೊತ್ತಿದೆ, ಅದಕ್ಕೇ ಬೇಗ ಸಾಗಹಾಕುತ್ತಿದ್ದಾರೆ.

ಮೂರನೆಯ ದಿನ ಔರಾದ ಬಸ್ ಹಿಡಿದು, ಅಲ್ಲಿಂದ ಜೀಪಿನಲ್ಲಿ ಎಕಂಬಾಕ್ಕೆ ಹೋದ. ಪಂಢರಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅವನ ಹೆಂಡತಿ ಅಂಜನಾಬಾಯಿ ಅಂಗಳದಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸು. ಬಾಗಿಲ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಫೋಟೊಗಳಿದ್ದವು.

“ಜಯಭೀಮ, ಆಯಿ.”

“ಜಯಭೀಮ. ಯಾರಪ್ಪಾ ನೀ?”

ಧಮ್ಮಪಾಲ ಹೆಸರು ಹೇಳಿ ಚೀಲ ಬಿಚ್ಚಿದ. ಅಂಜನಾಬಾಯಿ ಮೊರ ಕೆಳಗಿಟ್ಟರು. ಕೈಯ ಧೂಳನ್ನು ಸೆರಗಿಗೆ ಒರೆಸಿಕೊಂಡು ಬೆಲ್ಲಿನ ಅಂಚು ಮುಟ್ಟಿದರು.

“ಇದು ನಿನ್ನ ಕೈಯಾಗ ಹ್ಯಾಂಗ ಬಂತು? ಮಾಸ್ತರ ಅದಾರೋ ಇಲ್ಲೋ?”

“ತೀರ್ಕೊಂಡ್ರು ಆಯಿ. ಅವರು ಇದನ್ನ ನಿಮ್ಮ ಕಡಿಂದ ಕಸ್ಕೊಂಡಿದ್ರೇನು? ನೀವು ಹೂಂ ಅಂದ್ರ ನಾ ನಿಮ್ಮ ಜೋಡಿ ಭಾಲ್ಕಿಗೆ ಬಂದು ಕೇಳ್ತೇನಿ.”

ಅಂಜನಾಬಾಯಿ ಅವನ ಮುಖವನ್ನೇ ನೋಡಿದರು. “ಕಸ್ಕೊಳ್ಳೂದು? ನಾನೇ ಕೊಟ್ಟೇನಿ. ನಮ್ಮವರು ಹೋದ ಮ್ಯಾಲ ನನ್ನ ಹಳೀ ಸೀರಿ ಹರದು, ಅದರಾಗ ಸುತ್ತಿ ಕೊಟ್ಟೇನಿ. ಮನ್ಯಾಗ ಊದಾವರು ಯಾರೂ ಇರಲಿಲ್ಲ. ಮಾಸ್ತರ ಬಂದು ಇದನ್ನ ನೋಡ್ಕೋತ ಕೂಡ್ತಿದ್ರು. ನನಗ ನೋಡ್ಲಿಕ್ಕಾಗಲಿಲ್ಲ.”

ಆಮೇಲೆ ಅವರು ಹೇಳಿದ್ದು ಇಷ್ಟು. ಭಾಲಚಂದ್ರ ಮಾಸ್ತರರು ಚಿಕ್ಕ ವಯಸ್ಸಿನಲ್ಲಿ ಎಕಂಬಾದ ಶಾಲೆಗೆ ಬಂದರು. ಶಾಲೆಯ ಹಿಂದಿನ ಬಯಲಿನಲ್ಲಿ ಪಂಢರಿ ಅಭ್ಯಾಸ ಮಾಡುವುದನ್ನು ಕೇಳಿ, ಒಂದು ದಿನ ನಾನೂ ಊದಿ ನೋಡಲೇ ಅಂದರು. ಎಡಗೈಯವರಾದ್ದರಿಂದ ಬೆಲ್ ಆಚೆ ಕಡೆ ತಿರುಗಿಸಿಕೊಂಡು ಕಲಿತರು. ಭಾಲ್ಕಿಗೆ ವರ್ಗವಾದ ಮೇಲೂ ರವಿವಾರ ಬರುತ್ತಿದ್ದರು, ಬೇಸಿಗೆ ರಜೆಯಲ್ಲಂತೂ ವಾರಕ್ಕೆ ಮೂರು ಸಲ. ಪಂಢರಿಗೆ ದಮ್ಮಿನ ಕಾಯಿಲೆ ಶುರುವಾದ ಮೇಲೆ ಮೆರವಣಿಗೆಯಲ್ಲಿ ಅರ್ಧ ದಾರಿ ಅವನು, ಅರ್ಧ ದಾರಿ ಮಾಸ್ತರರು. ಬ್ಯಾಂಡಿನ ಕೆಂಪು ಕೋಟು, ಹಣೆಯ ಮೇಲೆ ಇಳಿಸಿದ ಟೋಪಿ.

“ಯಾರೂ ಗುರುತು ಹಿಡೀಲಿಲ್ಲೇನು?”

“ಬ್ಯಾಂಡಿನವರ ಮಾರಿ ಯಾರು ನೋಡ್ತಾರಪ್ಪಾ? ಔರಾದದಾಗ ಅವರ ಸ್ವಂತ ಕಾಕಾನ ಮಗನ ಮದುವ್ಯಾಗ ಊದಿ ಬಂದ್ರು. ಮನಿಮಂದಿ ಎಲ್ಲಾರೂ ಎದುರಿಗೇ ಕುಣದ್ರಂತ, ಒಬ್ಬರೂ ಹಿಡೀಲಿಲ್ಲ. ಆ ದಿನ ಇಲ್ಲೇ ಕುಂತು ಉಂಡು, ನಗ್ಲಿಕ್ಕೆ ಹೋಗಿ ಅತ್ತುಬಿಟ್ರು.”

ಇದನ್ನು ಕೇಳಿ ಧಮ್ಮಪಾಲನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. “ಅವರಿಗೆ ಇದು ಶೋಕಿ ಆಯಿ,” ಅಂದ. “ಸಂಜಿಗೆ ಟೋಪಿ ತೆಗದಿಟ್ಟು ಹೋಗಿ ಮತ್ತ ದೊಡ್ಡ ಮಾಸ್ತರ ಆಗ್ತಿದ್ರು. ಪಂಢರಿ ಕಾಕಾ ಟೋಪಿ ತೆಗದಿಟ್ಟು ಎಲ್ಲಿ ಹೋಗಬೇಕಿತ್ತು?”

“ಅದೂ ಖರೇ ಅದ. ನಮ್ಮವರೂ ಒಮ್ಮೆ ಹಂಗೇ ಅಂದಿದ್ರು, ಅವರ ಮಾರಿ ಮ್ಯಾಲೇ. ಆರು ತಿಂಗಳು ಮಾತಿರಲಿಲ್ಲ ಇಬ್ಬರದೂ.” ಅಂಜನಾಬಾಯಿ ಮತ್ತೆ ಮೊರ ಎತ್ತಿಕೊಂಡರು. “ಆಮ್ಯಾಲ ಮಾಸ್ತರ ಬಂದ್ರು. ನಮ್ಮವರು ಏನೂ ಅನ್ನದೇ ಬಾಜಾ ಕೈಯಾಗ ಕೊಟ್ರು. ನೀ ಅವರನ್ನ ಒಳ್ಳೇವರು ಅನ್ನು ಅಂತ ನಾ ಹೇಳ್ಲತ್ತಿಲ್ಲ. ಕಳ್ಳ ಅನಬ್ಯಾಡ, ಅಷ್ಟೇ.”

ಧಮ್ಮಪಾಲ ಸುಮ್ಮನೆ ಬೀದರಿಗೆ ಹೋಗಬಹುದಿತ್ತು. ವಾದ್ಯ ಕಳವಿನದಲ್ಲ, ಬೆಲೆ ಕಡಿಮೆ, ಮಗಳಿಗೆ ಬೇಕು. ಆದರೆ ಸರಸ್ವತಿಬಾಯಿಯ ‘ಈ ಮನಿಗೆ ತರಬ್ಯಾಡ್ರಿ’ ಎನ್ನುವ ಮಾತು ಯಾವುದಕ್ಕೂ ಹೊಂದುತ್ತಿರಲಿಲ್ಲ. ಎಂದೂ ಊದಲಿಲ್ಲ ಎಂದು ಅವರು ಸುಳ್ಳು ಹೇಳಿದ್ದೋ, ಅವರಿಗೆ ನಿಜಕ್ಕೂ ಗೊತ್ತಿಲ್ಲವೋ? ಮರುದಿನ ಬೆಳಿಗ್ಗೆ ಭಾಲ್ಕಿಗೆ ಹೋದ.

“ತರಬ್ಯಾಡ್ರಿ ಅಂದಿದ್ನಲ್ಲ,” ಬಾಗಿಲಲ್ಲೇ ಸರಸ್ವತಿಬಾಯಿ ಅಂದರು.

“ನಾ ಎಕಂಬಾಕ್ಕ ಹೋಗಿದ್ದೇನ್ರಿ.”

ಅವರು ಪರಾಗನಿಗೆ ಹೊರಬಾಗಿಲು ಮುಚ್ಚಲು ಹೇಳಿ ಒಳಗೆ ಹೋದರು. ಬರುವಾಗ ಕೈಯಲ್ಲಿ ಮಡಚಿದ ಹಸಿರು ಬಟ್ಟೆಯೊಂದಿತ್ತು, ಹಳೆಯ ಸೀರೆಯ ತುಂಡು. ಅದನ್ನು ಧಮ್ಮಪಾಲನ ಮುಂದೆ ಹಾಕಿದರು.

“ಅವರು ಹೋದ ಮ್ಯಾಲ ಅಟ್ಟದ ಮ್ಯಾಲ ಸಿಕ್ತು. ಆ ಬಾಜಾಕ್ಕ ಸುತ್ತಿತ್ತು. ಒಳಗ ಚೀಟಿ ಇತ್ತು, ‘ಅಂಜನಾಬಾಯಿ, ಎಕಂಬಾ’ ಅಂತ, ಅವರದೇ ಅಕ್ಷರ. ಹೈದರಾಬಾದ, ಸೋಲಾಪುರ ಎಲ್ಲಾ ಸುಳ್ಳು. ಪರಾಗಗ ನಾನೇ ಹೇಳಿಕೊಟ್ಟಿದ್ದೆ.” ಆಮೇಲೆ ಕೇಳಿದರು, “ಆಕಿ ನೋಡ್ಲಿಕ್ಕೆ ಛಂದ ಅದಾಳೇನು?”

ಧಮ್ಮಪಾಲನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ, ಅಂಜನಾಬಾಯಿ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಪರಾಗ ಬಾಯಿ ತೆರೆದು ಕೇಳುತ್ತಿದ್ದ. ಸರಸ್ವತಿಬಾಯಿ ತಲೆ ಅಲ್ಲಾಡಿಸಿದರು.

“ಇದು ಆಕಿ ಕಟ್ಟಿದ ಕಥಿ. ನಾ ಕುರುಡಿ ಅಲ್ಲ. ರವಿವಾರ ಸಂಜಿಮುಂದ ಬಂದಾಗ ಅವರ ತುಟಿ ಕೆಂಪಾಗಿರ್ತಿತ್ತು, ಬಾತಿರ್ತಿತ್ತು. ಕೇಳಿದ್ರ ಎಲಿ ಹಾಕೇನಿ ಅಂತಿದ್ರು. ನಾಲಿಗಿ ಕೆಂಪಿರ್ತಿರಲಿಲ್ಲ. ಮೂವತ್ತು ವರ್ಷ ನೋಡೇನಿ ನಾ. ಒಂದು ಮಾತು ಅಂದಿಲ್ಲ.”

ಧಮ್ಮಪಾಲ ಟ್ರಾಂಬೋನ್ ಜೋಡಿಸಿದ, ಮೌತ್‌ಪೀಸ್ ಕೂರಿಸಿದ. ಆ ಚಿಕ್ಕ ಪಡಸಾಲೆಯಲ್ಲಿ ಎದ್ದು ನಿಂತು, ಸ್ಲೈಡು ಗೋಡೆಗೆ ತಾಗದಂತೆ ಓರೆಯಾಗಿ, ಮದುವಣಿಗನನ್ನು ಕರೆತರುವಾಗ ಊದುವ ಹಳೆಯ ಮಟ್ಟು ಹಿಡಿದ. ಮೊದಲು ಮೆಲ್ಲಗೆ, ಆಮೇಲೆ ಎತ್ತರಕ್ಕೆ. ಪಕ್ಕದ ಮನೆಯವರು ಕಿಟಕಿ ತೆರೆದರು. ನಿಲ್ಲಿಸದೆ ಕಾಲು ತಾಸು ಊದಿ ವಾದ್ಯ ಇಳಿಸಿದ.

ಸರಸ್ವತಿಬಾಯಿ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. ಧಮ್ಮಪಾಲನ ತುಟಿಗಳ ಮೇಲೆ ಕೆಂಪಗೆ, ದುಂಡಗೆ ಬಳೆಯಂಥ ಗುರುತು ಬಿದ್ದಿತ್ತು. ನಡುವಿನ ಚರ್ಮ ಬಾತಿತ್ತು. ಅವರು ಬಹಳ ಹೊತ್ತು ನೋಡಿದರು, ಎರಡು ಸಲ ಬೆಳಕಿನ ಕಡೆ ತಿರುಗಲು ಹೇಳಿ ನೋಡಿದರು.

“ಹಿಂಗೇ,” ಅಂದರು. “ಹಿಂಗೇ ಇರ್ತಿತ್ತು.”

ಕುರ್ಚಿಯಲ್ಲಿ ಕೂತರು. ಅಳಲಿಲ್ಲ. “ಔರಾದದ ಆ ಮದುವಿಗೆ ನಾನೂ ಹೋಗಿದ್ದೆ. ಅವರು ಜ್ವರ ಅಂತ ಮನ್ಯಾಗ ಉಳದಿದ್ರು. ಬ್ಯಾಂಡಿನ ಹಿಂದೇ ನಡದೇನಿ. ಕಿವಿ ನೋಯ್ತದ, ಸ್ವಲ್ಪ ದೂರ ಹೋಗಂತ ಹೇಳ್ರಿ ಆ ಬ್ಯಾಂಡಿನವಗ ಅಂತ ನಾನೇ ಅಂದಿದ್ದೆ.” ಆಮೇಲೆ ದನಿ ಗಟ್ಟಿಯಾಯಿತು. “ನನಗ ಹೇಳಬಾರದಿತ್ತೇನು? ನಾ ಹೋಗಿ ಮಾವಗ ಹೇಳ್ತಿದ್ದೆ ಅಂತ ಅನಸ್ತಲ್ಲ ಅವರಿಗೆ!”

“ಹೇಳ್ತಿದ್ರೇನ್ರಿ?” ಧಮ್ಮಪಾಲ ಕೇಳಿದ. ಕೇಳಬಾರದಿತ್ತೇನೋ. ಆದರೆ ಕೇಳದೆ ಇರಲು ಅವನಿಂದ ಆಗಲಿಲ್ಲ.

ಸರಸ್ವತಿಬಾಯಿ ಹಸಿರು ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡು ಅದರ ಅಂಚನ್ನು ನೇರ ಮಾಡಿದರು.

“ಆಗ ಹೇಳ್ತಿದ್ದೆ,” ಅಂದರು.

ಆ ದಿನ ಅವರು ಟ್ರಾಂಬೋನ್ ಕೊಡಲಿಲ್ಲ. ಇನ್ನೊಮ್ಮೆ ಯೋಚಿಸಬೇಕು ಅಂದರು. ಮಗಳು ಕಟ್ಟಿದ ಹೆಣ್ಣುಮಕ್ಕಳ ಬ್ಯಾಂಡಿಗೆ ಬೇಕಿತ್ತು ಎಂದಷ್ಟೇ ಹೇಳಿ ಧಮ್ಮಪಾಲ ಬರಿಗೈಯಲ್ಲಿ ಬೀದರಿಗೆ ಬಂದಾಗ ಪ್ರಣಾಲಿ ಸಿಟ್ಟಿಗೆದ್ದಳು. “ಸುಮ್ಮ ತಂದು ಇಟ್ಕೊಂಡಿದ್ರ ಆಗ್ತಿತ್ತಲ್ಲ,” ಅಂದಳು. ಅವನಿಗೂ ಹಾಗೆ ಅನ್ನಿಸದೆ ಇರಲಿಲ್ಲ.

ಒಂದೂವರೆ ತಿಂಗಳ ಮೇಲೆ, ಹೆಣ್ಣುಮಕ್ಕಳ ಬ್ಯಾಂಡ್ ಅಭ್ಯಾಸ ಮಾಡುತ್ತಿದ್ದ ಸಭಾಭವನದ ಮುಂದೆ ಕಾರು ನಿಂತಿತು. ಪರಾಗ ಇಳಿದ, ಹಿಂದೆ ಸರಸ್ವತಿಬಾಯಿ. ಟ್ರಾಂಬೋನಿಗೆ ಈಗ ಸಿಮೆಂಟ್ ಚೀಲ ಇರಲಿಲ್ಲ, ದಪ್ಪ ಬಟ್ಟೆಯ ಹೊಸ ಚೀಲ ಹೊಲಿಸಿದ್ದರು.

“ಎಕಂಬಾಕ್ಕ ಹೋಗಿದ್ದೆ,” ಧಮ್ಮಪಾಲನಿಗೆ ಹೇಳಿದರು. “ಇದು ಆಕಿದು, ನನ್ನದಲ್ಲ. ಕೇಳಿದೆ. ಹುಡುಗ್ಯಾರು ಊದ್ತಾರಂದ್ರ ಕೊಡು ಅಂದ್ಲು.”

“ಏನೇನು ಮಾತಾಡಿದ್ರಿ?”

“ಅದು ನಿಮಗ್ಯಾಕ?”

ಪರಾಗ ಪಕ್ಕಕ್ಕೆ ಬಂದು ಮೆಲ್ಲಗೆ ಅಂದ, “ನನಗೂ ಗೊತ್ತಿಲ್ರಿ. ನನ್ನ ಹೊರಗ ಕಳಿಸಿದ್ರು. ಮೂರು ತಾಸು ಕುಂತಿದ್ರು ಇಬ್ರೂ. ಒಮ್ಮೆ ಜಗಳ ಕೇಳಿಸ್ತು.”

ಧಮ್ಮಪಾಲ ಅಭ್ಯಾಸಬಲದಿಂದ ಸ್ಲೈಡ್ ಎತ್ತಿ ನೋಡಿದ. ಹೊಸದಾಗಿ ಎಣ್ಣೆ ಹಾಕಿತ್ತು. ಮೌತ್‌ಪೀಸ್ ಜಾಗದಲ್ಲಿ ಯಾವುದೋ ಅಗ್ಗದ ಹೊಸ ಮೌತ್‌ಪೀಸ್ ಸಿಕ್ಕಿಸಿತ್ತು.

“ಯಾರು ಊದ್ಲತ್ತಿದ್ರಿ ಇದನ್ನ?” ಸಂಶಯದಿಂದ ಕೇಳಿದ.

ಪರಾಗ ನಕ್ಕ. “ಆಜಿ. ದಿನಾ ಸಂಜಿಮುಂದ ಬಾಗಲಾ ಹಾಕ್ಕೊಂಡು ನೋಡ್ಲತ್ತಿದ್ಲು. ಬರೇ ಗಾಳಿ ಬರ್ತಿತ್ತು.”

ಹುಡುಗಿಯರೆಲ್ಲ ಸುತ್ತ ಸೇರಿದ್ದರು. ಪ್ರಣಾಲಿ ಸರಸ್ವತಿಬಾಯಿಯ ಎದುರು ಕೂತು, ತುಟಿ ಬಿಗಿಹಿಡಿದು ಜೇನ್ನೊಣದಂತೆ ಗುಂಯ್ ಎನ್ನಿಸಿ ತೋರಿಸಿದಳು. “ಊದಬ್ಯಾಡ್ರಿ ಆಜಿ. ತುಟಿ ಅದರಸ್ರಿ.”

ಸರಸ್ವತಿಬಾಯಿ ಎಲ್ಲರ ಮುಖ ಒಮ್ಮೆ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ತುಟಿಗಿಟ್ಟರು. ಎಮ್ಮೆ ಕೂಗಿದಂತೆ ಒಂದು ದನಿ ಹೊರಟು ಭವನದ ತಗಡಿಗೆ ಬಡಿಯಿತು. ಹುಡುಗಿಯರು ತಡೆಯಲಾಗದೆ ಹೋ ಎಂದು ನಕ್ಕರು. ಸರಸ್ವತಿಬಾಯಿ ವಾದ್ಯ ಇಳಿಸಿ, ತನ್ನನ್ನು ನೋಡಿ ನಗುತ್ತಿದ್ದಾರೋ ಇಲ್ಲ ಸಂತೋಷಕ್ಕೆ ನಗುತ್ತಿದ್ದಾರೋ ಎಂದು ಒಬ್ಬೊಬ್ಬರನ್ನೇ ಕನ್ನಡಕದ ಮೇಲಿನಿಂದ ಪರೀಕ್ಷಿಸಿದರು. ಆಮೇಲೆ ಇನ್ನೊಮ್ಮೆ ಉಸಿರೆಳೆದುಕೊಂಡರು.